ಅನುಮಾನದ ಕಾಲಂ

ಶಾಲೆಯಲ್ಲಿ ಯಾರಾದರೂ ಮಹಾದೇವಕ್ಕ ಟೀಚರಿಗೆ ಒಳ್ಳೆಯ ಮಾತು ಹೇಳಿದರೆ ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಇದರ ಹಿಂದೆ ಏನಿದೆ ಎಂದು ಹುಡುಕುವುದರಲ್ಲೇ ಡಬ್ಬಿಯ ರೊಟ್ಟಿ ಡಬ್ಬಿಯಲ್ಲೇ ಉಳಿಯುತ್ತಿತ್ತು. ಗಂಡ ಅಂಬಾರಾಯ ಭಿವಂಡಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಇಪ್ಪತ್ತಾರು ವರ್ಷ ಈ ಸ್ವಭಾವದ ಜೊತೆ ಸಂಸಾರ ಮಾಡಿ ಸುಸ್ತಾಗಿದ್ದ.

"ಹಾಲಿನಾಂವ ನಕ್ಕರೂ ನಿನಗ ಸಂಶಯ, ನಗದಿದ್ರೂ ಸಂಶಯ. ಅಂವ ಏನು ಮಾಡಬೇಕು, ನೀನ ಹೇಳು," ಎನ್ನುತ್ತಿದ್ದ.

ಇಂಥವರನ್ನು ಹೆಡ್‌ಮಾಸ್ತರ್ ಗುರುಪಾದಪ್ಪನವರು ಜನವರಿಯ ಒಂದು ದಿನ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಚಹಾ ತರಿಸಿದರು. ಚಹಾ ಬಂದಾಗಲೇ ಮಹಾದೇವಕ್ಕ ಹುಷಾರಾದರು.

"ಟೀಚರ್, ಮೂರು ಶನಿವಾರ ಠಾಣೆದಾಗ ಒಂದು ಟ್ರೇನಿಂಗ್ ಅದ. ಹುಡುಗರ ಕೈಲೆ ಶಾಲಾ ಪತ್ರಿಕೆ ಹೆಂಗ ಮಾಡಸಬೇಕು, ನಾವು ಅದರಾಗ ಎಷ್ಟು ಕೈ ಹಾಕಬೇಕು, ಎಷ್ಟು ಹಾಕಬಾರದು ಅಂತ ಹೇಳಿಕೊಡ್ತಾರ. ನೀವು ಹೋಗಿ ಬರ್ರಿ."

"ನಾನ ಯಾಕ್ರಿ ಸರ್? ಸಿದ್ಧೇಶ್ವರ ಸರ್ ಅದಾರಲ್ಲ."

"ಈ ಕೆಲಸಕ್ಕ ನೀವ ಯೋಗ್ಯ ಅನಿಸ್ತು."

ಯೋಗ್ಯ ಎಂಬ ಆ ಮಾತೇ ಅವರ ಸಂಶಯ ಹೆಚ್ಚಿಸಿತು. ಡೊಂಬಿವಲಿ ಪೂರ್ವದ ಆ ಕನ್ನಡ ಹೈಸ್ಕೂಲಿನಲ್ಲಿ ವರ್ಷದಿಂದ ವರ್ಷಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದರು. ಕನ್ನಡ ಕಲಿಸುವ ಇಬ್ಬರಲ್ಲಿ ಜೂನ್‌ನಿಂದ ಒಬ್ಬರೇ ಸಾಕೆಂದು ಸಂಸ್ಥೆಯ ಕಮಿಟಿ ಹೇಳಿಬಿಟ್ಟಿತ್ತು. ಇನ್ನೊಬ್ಬರು ಸರ್‌ಪ್ಲಸ್. ಸರ್‌ಪ್ಲಸ್ ಆದವರು ಕಳಂಬೋಲಿಯಲ್ಲಿರುವ ಸಂಸ್ಥೆಯ ಇನ್ನೊಂದು ಶಾಲೆಗೆ ಹೋಗಬೇಕು. ಎರಡು ಲೋಕಲ್ ರೈಲು, ಒಂದು ರಿಕ್ಷಾ, ಕೊನೆಗೆ ಕಬ್ಬಿಣದ ಮಾರುಕಟ್ಟೆಯ ಟ್ರೇಲರ್‌ಗಳ ನಡುವೆ ಜೀವ ಹಿಡಿದು ರಸ್ತೆ ದಾಟುವುದು. ಐವತ್ತೊಂದರ ಮೊಣಕಾಲಿಗೆ ಅದು ಆಗದ ಮಾತು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ವರ್ಷ ಕಲಿಸಿದ ಗೋಡೆಗಳನ್ನು ಬಿಟ್ಟು ಹೋಗುವ ಯೋಚನೆಗೇ ಅವರಿಗೆ ಅಳು ಬರುತ್ತಿತ್ತು. ಉಳಿಯುವುದು ಮಹಾದೇವಕ್ಕನೋ ಸಿದ್ಧೇಶ್ವರನೋ ಎಂಬುದನ್ನು ಫೆಬ್ರವರಿಯಲ್ಲಿ ಗುರುಪಾದಪ್ಪನವರೇ ಕಮಿಟಿಗೆ ಹೇಳಬೇಕು.

ಮಹಾದೇವಕ್ಕನ ಲೆಕ್ಕ ಸರಳವಾಗಿತ್ತು. ಮೂರು ಶನಿವಾರ ತನ್ನನ್ನು ಠಾಣೆಗೆ ಅಟ್ಟಿದರೆ ಮೂರು ಶನಿವಾರ ತನ್ನ ಒಂಬತ್ತನೇ ವರ್ಗದಲ್ಲಿ ಸಿದ್ಧೇಶ್ವರ ನಿಲ್ಲುತ್ತಾನೆ. ಮಕ್ಕಳು ಅವನಿಗೆ ಒಗ್ಗಿಬಿಟ್ಟರೆ ಆಮೇಲೆ ಯಾರ ಹೆಸರು ಬರೆದರೂ ಕೇಳುವವರಿಲ್ಲ.

ಮೊದಲ ಶನಿವಾರ ಠಾಣೆಯ ಹಾಲ್‌ನಲ್ಲಿ ಮೂವತ್ತು ಶಾಲೆಗಳ ಮಾಸ್ತರು, ಟೀಚರ್ ಬಾಯಿಯವರು ಸೇರಿದ್ದರು. ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷ್, ಎಲ್ಲ ಕಡೆಯವರು. ಕಲಿಸುವಾಕೆ ಸ್ನೇಹಲ್, ಮೂವತ್ತರ ಆಸುಪಾಸಿನ ಹುಡುಗಿ. ಹಿಂದೆ ಪೇಪರಿನಲ್ಲಿ ವರದಿಗಾರ್ತಿಯಾಗಿದ್ದವಳು. ಕಲ್ಯಾಣದ ಕನ್ನಡದ ಮನೆಯವಳಾದರೂ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಮಾತಾಡಿದಳು. ಮಹಾದೇವಕ್ಕನ ಮರಾಠಿ ತರಕಾರಿ ಮಾರುಕಟ್ಟೆಗೆ ಸಾಕಾಗುವಷ್ಟಿತ್ತು. ಹಂಚಿದ ಮರಾಠಿ ಕಾಗದಗಳನ್ನು ಓದದೆ ಮಡಚಿ ಚೀಲಕ್ಕೆ ಸೇರಿಸಿದರು. ಹಾಜರಿ ಹಾಳೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಮನೆಗಳಿದ್ದವು. ಎರಡರಲ್ಲೂ ಒಂದೇ ಸಲ ಸಹಿ ಮಾಡಿ, ಊಟದ ಹೊತ್ತಿಗೆ ಫೋನು ಬಂದವರಂತೆ ಹೊರಬಿದ್ದು ಲೋಕಲ್ ಹತ್ತಿದರು.

ಶಾಲೆ ಮಧ್ಯಾಹ್ನದ ಪಾಳಿಯದು. ಗೇಟಿನ ಎದುರು ಒಂದು ಝೆರಾಕ್ಸ್ ಅಂಗಡಿ, ಅದರ ಮುಂದೆ ಆಳೆತ್ತರದ ಬೋರ್ಡು. ಅದರ ಮರೆಗೆ ನಿಂತರೆ ಒಂಬತ್ತನೇ ವರ್ಗದ ಕಿಟಕಿ ಕಾಣುತ್ತದೆ. ಅಂದುಕೊಂಡಂತೆಯೇ ಸಿದ್ಧೇಶ್ವರ ಒಳಗಿದ್ದ. ಮಹಾದೇವಕ್ಕ ಅರ್ಧ ತಾಸು ನಿಂತು ನೋಡಿದರು, ಹೊಟ್ಟೆ ಉರಿಸಿಕೊಂಡು ಮನೆಗೆ ಹೋದರು.

ಸೋಮವಾರ ಆ ಕಾಗದಗಳನ್ನು ಶಾಲೆಯ ಗೋಡೆಪತ್ರಿಕೆ ಮಾಡುತ್ತಿದ್ದ ಐದು ಮಕ್ಕಳಿಗೆ ಕೊಟ್ಟು, "ಓದಿಕೊಂಡು ಹಂಗ ಮಾಡ್ರಿ," ಎಂದು ಕೈತೊಳೆದುಕೊಂಡರು. ಪತ್ರಿಕೆಯ ಕೆಲಸಕ್ಕೆಂದು ಅವರಿಗೆ ಶನಿವಾರ ಬಿಡುವು ಇರುತ್ತಿತ್ತು. ಸಂಪಾದಕಿ ಎಂಟನೇ ವರ್ಗದ ಶಿವಾನಿ. ಏಳನೆಯ ತನಕ ಕಲ್ಯಾಣದ ಮರಾಠಿ ಶಾಲೆಯಲ್ಲಿದ್ದು, ಅಜ್ಜಿಯ ಹಟಕ್ಕೆ ಕನ್ನಡ ಶಾಲೆಗೆ ಬಂದವಳು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದಳು, ಕಾಗುಣಿತ ಮಾತ್ರ ಮನಬಂದಂತೆ. ಕನ್ನಡದಲ್ಲಿ ಕೇಳಿದರೆ ಉತ್ತರ ಅರ್ಧ ಮರಾಠಿಯಲ್ಲಿ ಬರುತ್ತಿತ್ತು.

ಎರಡನೆಯ ಶನಿವಾರವೂ ಮಹಾದೇವಕ್ಕ ಹಾಜರಿ ಹಾಳೆಯ ಎರಡೂ ಮನೆಗೆ ಸಹಿ ಹಾಕಿ ಊಟಕ್ಕೇ ಎದ್ದು ಬಂದರು. ಯಾರೂ ಗುರುತು ಹಿಡಿಯಬಾರದೆಂದು ಈ ಸಲ ಛತ್ರಿ ಬೇರೆ. ಒಳಗೆ ಸಿದ್ಧೇಶ್ವರ ಬೋರ್ಡಿನ ಮೇಲೆ ಏನೋ ಬರೆದ, ಇಡೀ ವರ್ಗ ಹೋ ಎಂದು ನಕ್ಕಿತು. ತಮ್ಮ ತಾಸಿನಲ್ಲಿ ಆ ಮಕ್ಕಳು ನಕ್ಕಿದ್ದು ಮಹಾದೇವಕ್ಕನಿಗೆ ನೆನಪಿಲ್ಲ. ತನ್ನ ಬಗ್ಗೆಯೇ ಏನೋ ಬರೆದಿದ್ದಾನೆಂದು ಅವರಿಗೆ ಖಾತ್ರಿಯಾಯಿತು.

ಮಂಗಳವಾರ ಲೈಬ್ರರಿಯ ಮೇಜಿನ ಮೇಲೆ ಶಿವಾನಿಯ ನೋಟ್ಸಿನ ವಹಿ ಬಿದ್ದಿತ್ತು. ತೆರೆದ ಪುಟದ ನೆತ್ತಿಯ ಮೇಲೆ 'ಗೇಟ್, ಶನಿವಾರ' ಎಂದಿತ್ತು. ಕೆಳಗೆ ಗೆರೆ ಎಳೆದು ಎರಡು ಕಾಲಂ. ಒಂದರ ತಲೆಯ ಮೇಲೆ ನಿರೀಕ್ಷಣ, ಇನ್ನೊಂದರ ತಲೆಯ ಮೇಲೆ ಅನುಮಾನ. ಪುಟದ ತುಂಬ ಸಾಲುಗಳಿದ್ದವು, ಆದರೆ ಮಹಾದೇವಕ್ಕನ ಕಣ್ಣು ಹೋಗಿ ಕೂತದ್ದು ಒಂದೇ ಸಾಲಿನ ಮೇಲೆ.

'೨.೩೫. ಮಾಹಾದೇವಕ್ಕ ಟೀಚರ್ ಝೆರಾಕ್ಸ್ ದುಕಾನದ ಬೋರ್ಡಿನ ಹಿಂದೆ ನಿಂತಿದ್ದಾರೆ. ಛತ್ರಿ ಇದೆ. ಮಳೆ ಇಲ್ಲ. ೩.೦೫ಕ್ಕೆ ಹೋದರು.'

ಅದರ ಎದುರು ಅನುಮಾನದ ಕಾಲಂ ಖಾಲಿ.

ಮಹಾದೇವಕ್ಕ ಅದನ್ನು ಎರಡು ಸಲ ಓದಿದರು. ಅಂದರೆ ತಾನು ಬರುವುದನ್ನೇ ನಿರೀಕ್ಷೆ ಮಾಡುತ್ತ ಈ ಹುಡುಗಿಯನ್ನು ಗೇಟಿಗೆ ಕೂರಿಸಿದ್ದಾರೆ. ಖಾಲಿ ಬಿಟ್ಟ ಜಾಗ ಸಿದ್ಧೇಶ್ವರ ತುಂಬುವುದಕ್ಕೆ. ತುಂಬಿದ ಮೇಲೆ ವಹಿ ಹೆಡ್‌ಮಾಸ್ತರರ ಟೇಬಲ್ಲಿಗೆ, ಅಲ್ಲಿಂದ ಕಮಿಟಿಗೆ. ಕಳಂಬೋಲಿಯ ರಿಕ್ಷಾದ ಸದ್ದು ಅವರಿಗೆ ಅಲ್ಲಿಯೇ ಕೇಳಿಸಿತು.

ನೇರ ಶಿವಾನಿಯ ವರ್ಗಕ್ಕೆ ಹೋಗಿ ಎಲ್ಲರೆದುರು ವಹಿ ಎತ್ತಿ ಹಿಡಿದರು.

"ಯಾರು ಬರೀ ಅಂದ್ರು ನಿನಗ ಇದನ್ನ?"

ಶಿವಾನಿ ಎದ್ದು ನಿಂತಳು. "ಕೋಣಿ ನಾಹಿ, ಟೀಚರ್. ಯಾರೂ ಅಂದಿಲ್ಲ. ನೀವು ಕೊಟ್ಟ ಪೇಪರ್‌ನಾಗ ಹಂಗ ಇತ್ತು."

"ಸುಳ್ಳು ಹೇಳಬ್ಯಾಡ. ನನ್ನ ಮ್ಯಾಲ ಏನು ಅನುಮಾನ ನಿನಗ?"

"ಅನುಮಾನ ಅಜೂನ್, ಇನ್ನಾ ತಗದಿಲ್ಲ, ಟೀಚರ್," ಎಂದಳು ಹುಡುಗಿ, ತುಂಬ ವಿನಯದಿಂದ. "ನಿಮ್ಮನ್ನ ಕೇಳಿ ತಗೀತೀನಿ."

ಇದಕ್ಕಿಂತ ಸೊಕ್ಕಿನ ಮಾತನ್ನು ಮಹಾದೇವಕ್ಕ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಬಾಯಿಗೆ ಬಂದಂತೆ ಬೈದರು, ಸಂಪಾದಕಿಯ ಕೆಲಸದಿಂದ ತೆಗೆದೆ ಎಂದರು, ವಹಿಯನ್ನು ಬಗಲಿಗಿಟ್ಟುಕೊಂಡರು. ಹುಡುಗಿ ಅಳಲಿಲ್ಲ, ಟೀಚರ್ ಮುಖವನ್ನೇ ನೋಡುತ್ತ ನಿಂತಳು. ಗದ್ದಲಕ್ಕೆ ಸಿದ್ಧೇಶ್ವರ ಬಾಗಿಲಲ್ಲಿ ಇಣುಕಿ, "ಏನಾತ್ರಿ ಟೀಚರ್?" ಎಂದ. ಅವನು ಆ ಗಳಿಗೆಗೇ ಬಂದದ್ದು ಅವರಿಗೆ ಇನ್ನೊಂದು ಸಾಕ್ಷಿಯಾಯಿತು.

ಮೂರನೆಯ ಶನಿವಾರ ಎಲ್ಲರೂ ತಮ್ಮ ಶಾಲೆಯ ಒಂದು ಮಗುವಿನ ವಹಿ ತರಬೇಕಿತ್ತು. ಮಹಾದೇವಕ್ಕ ಶಿವಾನಿಯದನ್ನೇ ಒಯ್ದರು, ದೂರು ಕೊಡಲಿಕ್ಕೆ. ನಾಲ್ಕು ಜನರೆದುರು ಹೇಳುವ ಮಾತಲ್ಲವೆಂದು ಚಹಾದ ಹೊತ್ತಿನಲ್ಲಿ ಸ್ನೇಹಲ್‌ಳನ್ನು ಪಕ್ಕಕ್ಕೆ ಕರೆದರು.

"ನೋಡವ್ವಾ, ನಿನ್ನ ಪತ್ರಿಕೆ ಮಕ್ಕಳಿಗೆ ಏನು ಕಲಸ್ತು. ಮಾಸ್ತರಗೋಳ ದಾರಿ ಕಾಯೋದು, ಮ್ಯಾಲ ಅನುಮಾನ ಪಡೋದು. ಕಾಲಂ ಬ್ಯಾರೆ ಹಾಕ್ಯಾಳ."

ಸ್ನೇಹಲ್ ಪುಟ ನೋಡಿದಳು. ಮೊದಲು ಅವಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು, ನುಂಗಿಕೊಂಡಳು.

"ಮೇಡಂ, ಇವು ಮರಾಠಿ ಮಾತು ರೀ, ಕನ್ನಡ ಅಕ್ಷರದಾಗ ಅದಾವ. ಮರಾಠಿ ಸಾಲ್ಯಾಗ ಸಾಯನ್ಸ್ ವಹಿ ಹಿಂಗ ಬರೀತಾರ. ನಿರೀಕ್ಷಣ ಅಂದ್ರ ಕಣ್ಣಿಗೆ ಕಂಡದ್ದು. ಅನುಮಾನ ಅಂದ್ರ ಕಂಡದ್ದರಿಂದ ತಿಳದದ್ದು. ಎರಡೂ ಕೂಡಸಬಾರದು, ಮನಷ್ಯಾರ ವಿಷಯ ಇದ್ರ ಅವರನ್ನ ಕೇಳೋತನಕಾ ಎರಡನೇದ್ದು ಖಾಲಿ ಬಿಡಬೇಕು ಅಂತ ಮೊದಲನೇ ಶನಿವಾರ ಮಧ್ಯಾಹ್ನ ಪೂರಾ ಅದನ್ನ ಹೇಳೇನಲ್ರಿ."

ಆ ಮಧ್ಯಾಹ್ನ ಮಹಾದೇವಕ್ಕ ಝೆರಾಕ್ಸ್ ಅಂಗಡಿಯ ಬೋರ್ಡಿನ ಮರೆಯಲ್ಲಿದ್ದರು.

"ಈ ಹುಡುಗಿ ಭಾಳ ಚಲೋ ಮಾಡ್ಯಾಳ. ಮೂವತ್ತು ಶಾಲೆದಾಗ ಎಲ್ಲಾರೂ ತಮಗ ತಿಳದದ್ದು ತುಂಬಿ ತಂದಾರ. ಖಾಲಿ ಬಿಟ್ಟಾಕಿ ಇವಳೊಬ್ಬಾಕಿನ." ಹಾಗೆನ್ನುತ್ತಲೇ ಸ್ನೇಹಲ್‌ಳ ಬೆರಳು ಆ ಸಾಲಿನ ಮೇಲೆ ನಿಂತಿತು. ಎರಡು ಮೂವತ್ತೈದು, ಹೋದ ಶನಿವಾರ, ಡೊಂಬಿವಲಿ. ಹಾಜರಿಯ ಫೈಲು ಅವಳ ಬಗಲಲ್ಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ವಹಿ ಮುಚ್ಚಿ ಮರಳಿ ಕೊಟ್ಟಳು.

"ಇನ್ನೊಂದು ಹೇಳಿದ್ದೆ ರೀ. ಮಕ್ಕಳ ಪತ್ರಿಕೆದಾಗ ನಮ್ಮ ಕೆಂಪು ಪೆನ್ನು ಕಾಗುಣಿತಕ್ಕಷ್ಟ. ನಮಗ ನೋವಾಗ್ತದ ಅಂತ ಖರೇ ಇದ್ದ ಸಾಲು ಹೊಡೀಬಾರದು."

ಅಂದು ಮಹಾದೇವಕ್ಕ ಐದು ಗಂಟೆಯ ತನಕ ಕೂತರು.

ಮರಳುವ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಆ ಪುಟದ ಉಳಿದ ಸಾಲುಗಳನ್ನು ಅವರು ಆಗ ಮೊದಲ ಸಲ ಓದಿದರು. ನಿರೀಕ್ಷಣ: ಹೆಡ್‌ಸರ್ ಹಿಂದಿನ ಗೇಟಿನಿಂದ ಬಂದರು; ಅನುಮಾನ: ಕೇಳಿದೆ, ಮುಂದಿನ ಗೇಟಿಗೆ ನೀರಿನ ಟ್ಯಾಂಕರ್ ಅಡ್ಡ ಇತ್ತು. ನಿರೀಕ್ಷಣ: ಒಂಬತ್ತನೇ ವರ್ಗದಿಂದ ಜೋರು ನಗು ಬಂತು; ಅನುಮಾನ: ಸಿದ್ಧೇಶ್ವರ ಸರ್ ಅವರನ್ನು ಕೇಳಿದೆ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದು ಬೋರ್ಡಿನ ಮೇಲೆ ತಮ್ಮ ಹೆಸರನ್ನೇ ತಪ್ಪು ಬರೆದರು. ಒಂದೊಂದು ಸಾಲಿನ ಎದುರೂ 'ಕೇಳಿದೆ' ಎಂಬ ಮಾತಿತ್ತು. ತಮ್ಮದೊಂದೇ ಖಾಲಿ, ಯಾಕೆಂದರೆ ಕೇಳುವ ಮೊದಲೇ ವಹಿ ಕಿತ್ತುಕೊಂಡಿದ್ದರು.

ನಾಚಿಕೆಯಿಂದ ಅವರಿಗೆ ಮುಖ ಎತ್ತಲಾಗಲಿಲ್ಲ. ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ, ಮುಂಬ್ರಾ ದಾಟುವಷ್ಟರಲ್ಲಿ ಅದು ಮತ್ತೆ ಎದ್ದು ಕೂತಿತು. ಸ್ನೇಹಲ್ ಈಗಾಗಲೇ ಗುರುಪಾದಪ್ಪನವರಿಗೆ ಫೋನು ಮಾಡಿರಬಹುದೇ? ಅಷ್ಟು ಮೆತ್ತಗೆ ವಹಿ ಮುಚ್ಚಿದ್ದು ಯಾಕೆ? ಫೋನು ಮಾಡಿಲ್ಲವೆಂದರೆ ಈ ಒಂದು ಸಾಲು ಹೊಡೆದು ಹಾಕಿದರೆ ಸಾಕು, ಕೇಳುವವರಿಲ್ಲ. ಕೆಂಪು ಪೆನ್ನು ಚೀಲದಲ್ಲೇ ಇತ್ತು. ದಿವಾ, ಕೋಪರ್ ದಾಟಿ ಡೊಂಬಿವಲಿ ಬರುವ ತನಕ ಅವರ ಕೈ ಆ ಚೀಲದೊಳಗೇ ಇತ್ತು.

ಸೋಮವಾರ ಶಿವಾನಿಯನ್ನು ಲೈಬ್ರರಿಗೆ ಕರೆದರು. ಯಾರು ಉಳಿಯಬೇಕೆಂದು ಕೇಳಲು ಬುಧವಾರ ಕಮಿಟಿಯವರು ಬರುವವರಿದ್ದರು. ಅಷ್ಟರೊಳಗೆ ಗೋಡೆಪತ್ರಿಕೆ ಹೆಡ್‌ಮಾಸ್ತರರ ಕಣ್ಣಿಗೆ ಬಿದ್ದು ಗೋಡೆಗೆ ಏರಬೇಕು. ಹುಡುಗಿ ಬಂದು ಮೇಜಿನ ಆಚೆ ನಿಂತಳು, ತಲೆ ತಗ್ಗಿಸಿಕೊಂಡು.

"ಕೂಡ. ನಿನ್ನ ವಹಿ ತಗೋ. ಪತ್ರಿಕೆ ನಿಂದ," ಎಂದರು ಮಹಾದೇವಕ್ಕ. "ಅವತ್ತ ನಾ ತಪ್ಪು ತಿಳಕೊಂಡೆ. ಏನೋ ಕೇಳಬೇಕು ಅಂದಿದ್ದೆಲ್ಲ, ಕೇಳು."

ಶಿವಾನಿ ವಹಿ ತೆರೆದಳು, ಪೆನ್ನು ತೆಗೆದಳು, ಒಮ್ಮೆ ಬಾಗಿಲ ಕಡೆ ನೋಡಿದಳು. ಇದು ಕೇಳಿಸಿ ಮತ್ತೆ ಬೈಯುವ ಉಪಾಯವೋ ಏನೋ ಎಂದು ಅವಳ ಮುಖದಲ್ಲಿ ಬರೆದಿತ್ತು. ಆ ಮುಖವನ್ನು ಮಹಾದೇವಕ್ಕ ದಿನಾ ಕನ್ನಡಿಯಲ್ಲಿ ನೋಡುತ್ತಿದ್ದರು, ಬೇರೆಯವರಲ್ಲಿ ಕಂಡದ್ದು ಇದೇ ಮೊದಲು.

"ಟೀಚರ್, ಶನಿವಾರ ಎರಡು ಮೂವತ್ತೈದಕ್ಕ ನೀವು ಝೆರಾಕ್ಸ್ ದುಕಾನದ ಹತ್ರ ಯಾಕ ನಿಂತಿದ್ರಿ?"

ಝೆರಾಕ್ಸ್ ಮಾಡಿಸಲಿಕ್ಕೆ ಎಂದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

"ಟ್ರೇನಿಂಗ್ ಅರ್ಧಕ್ಕ ಬಿಟ್ಟು ಬಂದಿದ್ದೆ. ಪೂರಾ ಇದ್ದೆ ಅಂತ ಸಹಿ ಮಾಡಿದ್ದೆ. ನಾ ಇಲ್ಲದಾಗ ನನ್ನ ವರ್ಗದಾಗ ಏನು ನಡೀತದ ನೋಡಬೇಕಾಗಿತ್ತು. ನನಗ ಸಂಶಯ ಇತ್ತು."

"ಕೋಣಾವರ್, ಟೀಚರ್?"

"ಎಲ್ಲಾರ ಮ್ಯಾಲೂ. ಹೆಡ್‌ಸರ್ ಮ್ಯಾಲ, ಸಿದ್ಧೇಶ್ವರ ಸರ್ ಮ್ಯಾಲ. ಆಮ್ಯಾಲ ನಿನ್ನ ಮ್ಯಾಲೂ."

ಹುಡುಗಿ ಖಾಲಿ ಜಾಗದಲ್ಲಿ ಬರೆಯತೊಡಗಿದಳು: ಕೇಳಿದೆ, ಟ್ರೇನಿಂಗ್ ಬಿಟ್ಟು ವರ್ಗ ನೋಡಲು ಬಂದಿದ್ದರು. ಅಲ್ಲಿಗೆ ಪೆನ್ನು ನಿಂತಿತು.

"ಸಂಶಯ ಎಲ್ಲಿ ಬರೀಲಿ, ಟೀಚರ್? ಅದಕ್ಕ ಕಾಲಂ ಇಲ್ಲ."

ಮಹಾದೇವಕ್ಕ ಎರಡೂ ಕಾಲಂಗಳ ಮೇಲೆ ಕಣ್ಣಾಡಿಸಿದರು.

"ನೀ ಕಣ್ಣಾರೆ ನೋಡೀದೇನು ಅದನ್ನ?"

"ಹೋ," ಎಂದಳು ಶಿವಾನಿ. "ಮಂಗಳವಾರ ನೋಡಿದೆ. ವಹಿ ಕಸಗೊಂಡಾಗ."

"ಹಂಗಾರ ನಿರೀಕ್ಷಣದಾಗ ಬರಿ."

ಅವಳು ಬರೆದಳು. ಬರೆದು ಪುಟವನ್ನು ಅವರ ಕಡೆ ತಿರುಗಿಸಿದಳು. ಮಹಾದೇವಕ್ಕ ಕನ್ನಡಕ ಏರಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮೇಲಿನಿಂದ ಕೆಳಗಿನ ತನಕ ಓದಿದರು. ತಮ್ಮ ಸಾಲಿನಲ್ಲಿ ಒಂದೇ ತಪ್ಪಿತ್ತು. ಮಾಹಾದೇವಕ್ಕ ಎಂದಿದ್ದ ಕಡೆ ಮೊದಲ ದೀರ್ಘವನ್ನು ಹೊಡೆದು ಮೇಲೆ ಮ ಎಂದು ತಿದ್ದಿದರು.

"ಬಾಕಿ ಎಲ್ಲಾ ಬರೋಬರ್ ಅದ," ಎಂದರು. "ಹೆಡ್‌ಸರ್‌ಗೆ ತೋರಿಸಿ ಗ್ವಾಡಿಗೆ ಹಚ್ಚು."