ಗಾರ್ಡ್ ಗಿರಮಲ್ಲಪ್ಪನ ಗೆಳೆಯ

ತೇರದಾಳದ ಸುಪಾರ್ಶ್ವನೂ ಬನಹಟ್ಟಿಯ ನೇಕಾರರ ಗಿರಮಲ್ಲಪ್ಪನೂ ಜಮಖಂಡಿಯ ಸಾಲೆಯಲ್ಲಿ ಒಂದೇ ಬೆಂಚಿನವರು. ಬಾಸ್ಕೆಟ್‌ಬಾಲ್ ಹಿಡಿಯಲು ಗಿರಮಲ್ಲಪ್ಪನಿಗೆ ಕಲಿಸಿದವನೇ ಸುಪಾರ್ಶ್ವ. ಸಾಂಗಲಿಯ ಕಾಲೇಜಿಗೆ ಇಬ್ಬರೂ ಕೂಡಿಯೇ ಸೇರಿದರು. ಅಲ್ಲಿ ಒಂದೇ ವರ್ಷದಲ್ಲಿ ಲೆಕ್ಕ ತಿರುವುಮುರುವಾಯಿತು.

ಗಿರಮಲ್ಲಪ್ಪ ಗಾರ್ಡ್. ಎದುರಾಳಿಯ ಕೈಯಿಂದ ಚೆಂಡು ಕಸಿದು, ನಾಲ್ಕು ಮಂದಿಯ ನಡುವೆ ನುಸುಳಿ, ನೋಡದೆಯೇ ಸುಪಾರ್ಶ್ವನ ಕೈಗೆ ಹಾಕುತ್ತಿದ್ದ. ಸುಪಾರ್ಶ್ವ ಅದನ್ನು ಬುಟ್ಟಿಗೆ ಎಸೆದರೆ ಸಾಕಿತ್ತು. ಆದರೆ ಮಂದಿ ಕೂಗುತ್ತಿದ್ದುದು ಗಿರಮಲ್ಲಪ್ಪನ ಹೆಸರನ್ನು. ‘ಬುಟ್ಟಿಗೆ ಹಾಕಿದವ ನಾನು’ ಎಂದು ಸುಪಾರ್ಶ್ವ ಹಾಸ್ಟೆಲ್ಲಿನ ಚಾಪೆಯ ಮೇಲೆ ಹೊರಳಾಡುತ್ತಿದ್ದ. ಪಕ್ಕದಲ್ಲಿ ಗೆಳೆಯ ನಿಶ್ಚಿಂತೆಯಿಂದ ಗೊರಕೆ ಹೊಡೆಯುವುದನ್ನು ಕೇಳಿದರೂ ಅವನಿಗೆ ಸಿಟ್ಟು ಬರುತ್ತಿತ್ತು.

ದೀಪಾವಳಿಯ ರಜೆಗೆ ಸುಪಾರ್ಶ್ವ ಊರಿಗೆ ಬಂದ. ಗಿರಮಲ್ಲಪ್ಪ ಆಟದ ತಾಲೀಮಿಗೆಂದು ಸಾಂಗಲಿಯಲ್ಲೇ ಉಳಿದಿದ್ದ. ಸುಪಾರ್ಶ್ವ ಬನಹಟ್ಟಿಗೆ ಹೋದಾಗ ಗೆಳೆಯನ ತಾಯಿ ಭಾಗವ್ವ ನೂಲು ಸುತ್ತುತ್ತ ಕುಳಿತಿದ್ದಳು. ಗಂಡ ಸತ್ತ ಮೇಲೆ ಮಗ ಓದಲಿ ಎಂದು ಒಬ್ಬಳೇ ಮಗ್ಗ ನಡೆಸಿದವಳು.

“ನಮ್ಮ ಗಿರಮಲ್ಲ ಹೆಂಗ ಓದಾಕತ್ತಾನಪಾ?”

ಚೆನ್ನಾಗಿ ಓದುತ್ತಿದ್ದ. ಸುಪಾರ್ಶ್ವನಿಗೆ ಅದು ಗೊತ್ತಿತ್ತು.

“ಓದೂದೆಲ್ಲಿ ಬಂತು ಯವ್ವಾ? ಮುಂಜಾನಿ ಚೆಂಡು, ಸಂಜಿ ಚೆಂಡು. ಪರೀಕ್ಷಾದಾಗ ಎರಡು ವಿಷಯ ಹೋಗ್ಯಾವ.”

ಭಾಗವ್ವನ ಕೈ ನಿಂತಿತು. “ಖರೇನ?” ಎಂದಳು. ಸುಪಾರ್ಶ್ವ ತಲೆಯಾಡಿಸಿದ.

ವಾರದೊಳಗೆ ಅವಳು ತನ್ನ ತಮ್ಮನನ್ನು ಸಾಂಗಲಿಗೆ ಕಳಿಸಿ, ಕಾಲೇಜು ಬಿಡಿಸಿ, ಮಗನನ್ನು ಕರೆಸಿಕೊಂಡಳು. ತಾನು ನಪಾಸಾಗಿಲ್ಲ ಎಂದು ಗಿರಮಲ್ಲಪ್ಪ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಸುಪಾರ್ಶ್ವ ಸುಳ್ಳು ಹೇಳುವ ಹುಡುಗನಲ್ಲ ಎಂಬುದು ಅವಳ ಒಂದೇ ಮಾತು.

ಕಾಲೇಜಿನಲ್ಲಿ ಸುಪಾರ್ಶ್ವ ಕ್ಯಾಪ್ಟನ್ ಆದ. ಮೊದಲ ಪಂದ್ಯದಲ್ಲಿ ಬುಟ್ಟಿಯ ಕೆಳಗೆ ಕೈ ಚಾಚಿ ನಿಂತೇ ಇದ್ದ. ಚೆಂಡು ಬರಲೇ ಇಲ್ಲ. ತಾನೇ ಹಿಂದಕ್ಕೋಡಿ ತರಲು ಹೋದರೆ ಎದುರಾಳಿಗಳು ಕಸಿದುಕೊಂಡರು. ಇಡೀ ಆಟದಲ್ಲಿ ಅವನು ಹಾಕಿದ್ದು ಒಂದೇ ಬುಟ್ಟಿ. ಹೊರಗೆ ಬರುವಾಗ ಆಟದ ಮೇಷ್ಟರು ಯಾರಿಗೋ ಹೇಳುತ್ತಿದ್ದರು: “ಆ ಗಾರ್ಡ್ ಇದ್ದಾಗಷ್ಟೇ ಇವನೂ ಆಟಗಾರ.”

ಆ ಮಾತು ಎರಡು ದಿನ ಕುಟುಕಿತು. ಮೂರನೆಯ ದಿನ ಸುಪಾರ್ಶ್ವ ಬನಹಟ್ಟಿಗೆ ಹೋದ. ಗಿರಮಲ್ಲಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ.

“ಯವ್ವಾ, ನಾ ಸುಳ್ಳು ಹೇಳಿದೆ. ಅವ ಪಾಸಾಗ್ಯಾನ. ನನಗ ಹೊಟ್ಟಿಕಿಚ್ಚು ಆಗಿತ್ತು.”

ಮಗ್ಗದ ಸದ್ದು ನಿಂತಿತು. ಗಿರಮಲ್ಲಪ್ಪ ಎದ್ದು ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಆಮೇಲೆ ಏನು ಹೊಳೆಯಿತೋ, ಬಿಟ್ಟು ಹೊರಗೆ ನಡೆದ. ಭಾಗವ್ವ ಎದ್ದು ಒಲೆ ಹೊತ್ತಿಸಿದಳು. “ಹೊತ್ತು ಮುಳುಗಿದ್ರ ನೀವು ಜೈನರು ಉಣ್ಣಂಗಿಲ್ಲ. ಮದ್ಲ ಉಂಡುಬಿಡು” ಎಂದು ರೊಟ್ಟಿ ಬಡಿಸಿದಳು.

ಗಿರಮಲ್ಲಪ್ಪ ಕಾಲೇಜಿಗೆ ಮರಳಿದ. ಇಡೀ ವರ್ಷ ಸುಪಾರ್ಶ್ವನೊಂದಿಗೆ ಒಂದು ಮಾತೂ ಆಡಲಿಲ್ಲ. ಆದರೆ ಮೈದಾನದಲ್ಲಿ ಚೆಂಡು ಮಾತ್ರ ಮೊದಲಿನಂತೆಯೇ ಅವನ ಕೈಗೆ ಬಂದು ಬೀಳುತ್ತಿತ್ತು. ಸೇಡಿಗಾದರೂ ಒಮ್ಮೆ ತಪ್ಪಿಸಿದ್ದರೆ ಸುಪಾರ್ಶ್ವನಿಗೆ ಹಗುರಾಗುತ್ತಿತ್ತೇನೋ.

ಮರುವರ್ಷ ಗಿರಮಲ್ಲಪ್ಪ ಮುಂಬೈಯಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದ. ಸುಪಾರ್ಶ್ವ ತೇರದಾಳಕ್ಕೆ ಮರಳಿ ಅಪ್ಪನ ಅಂಗಡಿಯಲ್ಲಿ ಕುಳಿತ.

ಸಂಸ್ಥಾನಗಳು ವಿಲೀನವಾದ ವರ್ಷ ಗಿರಮಲ್ಲಪ್ಪ ತನ್ನ ತಂಡದೊಂದಿಗೆ ಜಮಖಂಡಿಗೆ ಆಡಲು ಬಂದ. ಸುಪಾರ್ಶ್ವ ಗುಂಪಿನ ಹಿಂದೆ ನಿಂತು ನೋಡಿದ. ಪಕ್ಕದಲ್ಲಿದ್ದ ರುಮಾಲಿನ ಮುದುಕ ಕೇಳಿದ:

“ಆ ಗಾರ್ಡ್ ನಿಮಗ ಗುರ್ತೇನ್ರಿ?”

“ಅವ್ಗ ಚೆಂಡು ಹಿಡಿಯೂದು ಕಲಿಸಿದವ ನಾನ.”

ಮುದುಕ ನಕ್ಕ. “ಇವತ್ತ ಈ ಮಾತು ಹೇಳಿದವ್ರಾಗ ನೀವು ಐದನೇವ್ರು ನೋಡ್ರಿ,” ಎಂದು ಚಪ್ಪಾಳೆ ತಟ್ಟಲು ಆ ಕಡೆ ತಿರುಗಿದ.