ಕೆಂಪಕ್ಕನ ಮೊಣಕೈ

ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಕೊರೋನಾ ಕಾಲದಲ್ಲಿ ಒಬ್ಬೊಬ್ಬರ ಮನೆಯಲ್ಲಿ ಏನೇನು ನಡೆದುಹೋಯಿತು ಎಂಬುದು ಎಲ್ಲರಿಗೂ ಗೊತ್ತು. ಅದರ ಮುಂದೆ ಕತ್ರಿಗುಪ್ಪೆಯ ಒಬ್ಬ ಅಜ್ಜಿಯ ಮೊಣಕೈ ವಿಚಾರ ಎತ್ತುವುದು ಅಧಿಕಪ್ರಸಂಗವೇ. ಇದನ್ನು ಇನ್ನೂ ಚೆನ್ನಾಗಿ ಹೇಳಬಲ್ಲವರು ಇರಬಹುದು. ಅವರು ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ಇಲ್ಲಿ ಹೇಳಬೇಕಾಗಿದೆ.

ವಿಮಲಾ ಕತ್ರಿಗುಪ್ಪೆಯ ಒಂದು ಸಣ್ಣ ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಮನೆ ತ್ಯಾಗರಾಜನಗರದಲ್ಲಿ. ಹಗಲು ದುಡಿದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವಳು. ಹಗಲು ಕಾಲೇಜಿನವರಿಗೆ ಹೇಳಿಕೊಟ್ಟದ್ದರಲ್ಲಿ ಏನೋ ಒಂದು ತನಗೆ ಬಿಟ್ಟುಹೋಗಿದೆ ಎಂಬ ಅನುಮಾನ ಅವಳಿಗೆ ಯಾವಾಗಲೂ ಇತ್ತು; ಅದು ಏನೆಂದು ಕೇಳುವುದಕ್ಕೆ ನಾಚಿಕೆಯೂ ಇತ್ತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಹೋಗಿ ನೋಡುತ್ತಿದ್ದಳು. ಪ್ರತಿ ಸಲವೂ ಆರಿಸಿಯೇ ಇರುತ್ತಿದ್ದಳು.

ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ ಸೆಕ್ರೆಟರಿ ಸೋಮನಾಥ್ ಅವಳನ್ನು ಕರೆದು, "ವಿಮಲಾ, ಪೇರೆಂಟ್ಸ್‌ಗೆಲ್ಲ ಫೋನಲ್ಲಿ ಹೆಲ್ಪ್ ಮಾಡೋ ಕೆಲಸ ನಿಮ್ದು. ನಿಮಗೆ ತಾಳ್ಮೆ ಜಾಸ್ತಿ" ಅಂದರು. ಅವಳಿಗಿದ್ದದ್ದು ತಾಳ್ಮೆಯಲ್ಲ, ಭಯ. ಸೋಮನಾಥರಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು.

ಅವಳು ಮನೆಮನೆಗೂ ಫೋನ್ ಮಾಡಿದಳು. "ಹಲೋ, ಸ್ಕೂಲಿಂದ ವಿಮಲಾ ಮಾತಾಡ್ತಿರೋದು, ನನ್ನ ಮಾತು ಕೇಳಿಸ್ತಾ ಇದೆಯಾ?" ಎಂದು ಶುರುಮಾಡಿ, ಲಿಂಕ್ ಒತ್ತುವುದು ಹೇಗೆ, ಮೈಕ್ ಮುಚ್ಚುವುದು ಹೇಗೆ ಎಂದು ಹೇಳಿಕೊಡುವಳು. ಇಟ್ಟ ಮೇಲೆ, ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಂದು ಸಲ ಮಾಡುವಳು. ಕೆಲವರು ಎರಡನೇ ಸಲಕ್ಕೆ ಎತ್ತುತ್ತಿರಲಿಲ್ಲ.

ಹೀಗೆ ಪರಿಚಯವಾದವಳು ಕೆಂಪಕ್ಕ. ಮಗ ಪ್ರಸನ್ನ ಆಸ್ಪತ್ರೆಯ ಲ್ಯಾಬಿನಲ್ಲಿ, ಸೊಸೆ ಅದೇ ಆಸ್ಪತ್ರೆಯಲ್ಲಿ ನರ್ಸು. ಊರೆಲ್ಲ ಮನೆಯೊಳಗಿದ್ದಾಗ ಅವರಿಬ್ಬರೂ ಹೊರಗೇ. ಹಾಗಾಗಿ ಮೊಮ್ಮಗಳು ಮೈತ್ರಿಯ ಯುಕೆಜಿ ಪೂರ್ತಿ, ಆಮೇಲೆ ಒಂದನೇ ಕ್ಲಾಸಿನ ಮೊದಲ ಭಾಗ ಕೆಂಪಕ್ಕನ ಫೋನಿನಲ್ಲಿ, ಕೆಂಪಕ್ಕನ ಪಕ್ಕದಲ್ಲಿ ನಡೆಯಿತು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಬ್ಬರೂ ಚಾಪೆಯ ಮೇಲೆ ಕೂರುತ್ತಿದ್ದರು.

ಯುಕೆಜಿಯ ಶುರುವಿನಲ್ಲೇ ಒಂದು ಅನಾಹುತವಾಯಿತು. ವಿಭಾ ಮಿಸ್ ಹಣ್ಣುಗಳ ಹೆಸರು ಹೇಳಿಕೊಡುತ್ತಿದ್ದಾಗ ಕೆಂಪಕ್ಕನ ಮೈಕ್ ತೆರೆದೇ ಇತ್ತು. ಇಡೀ ಕ್ಲಾಸಿಗೆ, ಕ್ಲಾಸಿನ ಹಿಂದೆ ಕೂತಿದ್ದ ಅಪ್ಪ ಅಮ್ಮಂದಿರಿಗೆ ಕೇಳಿಸಿತು: "ಈಯಮ್ಮ ಒಂದೇ ಸಮ ಮಾತಾಡ್ತಾಳಲ್ಲೇ, ಉಸಿರಾದ್ರೂ ಬಿಡ್ತಾಳಾ? ಮನೇಲಿ ಗಂಡ ಹೆಂಗೆ ಬದುಕಿದಾನೋ ಪಾಪ!"

ವಿಭಾ ಮಿಸ್ಸಿಗೆ ಇನ್ನೂ ಮದುವೆಯಾಗಿರಲಿಲ್ಲ. ಆದರೂ ಬೇಜಾರಾಯಿತು.

ಸೋಮನಾಥರು ವಿಮಲಾಗೆ ಒಂದು ಮಾತು ಹೇಳಿದರು. ವಿಮಲಾ ಆ ಒಂದು ಮಾತನ್ನು ರಾತ್ರಿಯೆಲ್ಲ ಯೋಚಿಸಿ, ಮಾರನೆಯ ದಿನ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಎಲ್ಲ ಮನೆಗೂ ಕಳಿಸಿದಳು: "ಮಗು ತಾನಾಗಿ ಮಾತಾಡಬಾರದು. ಮಾತಾಡಬೇಕು ಅನ್ನಿಸಿದರೆ ಪಕ್ಕದಲ್ಲಿರುವ ದೊಡ್ಡವರನ್ನು ಮುಟ್ಟಿ ತಿಳಿಸಬೇಕು. ದೊಡ್ಡವರು ಮೈಕ್ ತೆರೆದ ಮೇಲೆಯೇ ಬಾಯಿ ತೆರೆಯಬೇಕು. ಮಾತು ಮುಗಿದ ಮೇಲೆ ಮತ್ತೆ ಮುಟ್ಟಿ ಮೈಕ್ ಮುಚ್ಚಿಸಬೇಕು." ಬೇರೆ ಮನೆಗಳಲ್ಲಿ ಇದನ್ನು ಅರ್ಧಕ್ಕೇ ನಿಲ್ಲಿಸಿದರು. ಕೆಂಪಕ್ಕ ಮಾತ್ರ ಪೂರ್ತಿ ಕೇಳಿ, ಮೈತ್ರಿಗೂ ಕೇಳಿಸಿ, ಒಂದು ದಿನವೂ ತಪ್ಪದೆ ಪಾಲಿಸಿದಳು.

ದೀಪಾವಳಿಯ ಹೊತ್ತಿಗೆ ಶಾಲೆ ತೆರೆಯಿತು. ಗೇಟಿನಲ್ಲಿ ವಾಚ್‌ಮನ್ ಕರಿಬಸವಯ್ಯ ಎಲ್ಲರ ಹಣೆಗೂ ಜ್ವರ ನೋಡುವ ಗನ್ನು ಹಿಡಿದು, ಅದು ಏನು ತೋರಿಸಿದರೂ "ಹ್ಞೂಂ, ಹೋಗಿ" ಅನ್ನುತ್ತಿದ್ದ. ಮಕ್ಕಳು ಮಾಸ್ಕ್ ಬದಲಾಯಿಸಿಕೊಂಡರು, ಅತ್ತರು, ಆಮೇಲೆ ಹೊಂದಿಕೊಂಡರು. ಮೈತ್ರಿ ಅಳಲಿಲ್ಲ. ಹೇಳಿದ್ದೆಲ್ಲ ಬರೆದಳು, ತೋರಿಸಿದ್ದೆಲ್ಲ ನೋಡಿದಳು. ಒಂದು ಅಕ್ಷರ ಮಾತಾಡಲಿಲ್ಲ. ಹೆಸರು ಕೇಳಿದರೆ ಎಡಕ್ಕೆ ತಿರುಗಿ ನೋಡಿ ಸುಮ್ಮನಾಗುವಳು. ಎಡಗಡೆ ಗೋಡೆ ಇತ್ತು.

"ಕಿವಿ ಕೇಳುತ್ತೆ, ಬರವಣಿಗೆ ಸಖತ್ತಾಗಿದೆ, ಆದ್ರೆ ಮಾತೇ ಇಲ್ಲ ಸಾರ್" ಎಂದು ವಿಭಾ ಮಿಸ್ ಸೋಮನಾಥರಿಗೆ ಹೇಳಿದಳು.

"ಮಾತು ಬರ್ದೇ ಇದ್ರೆ ವಾಪಸ್ ಯುಕೆಜಿಗೆ ಕೂರಿಸೋಣ" ಅಂದರು ಸೋಮನಾಥ್. "ಮುಂದಿನ ಶನಿವಾರ ನಾನೇ ಬಂದು ಕೇಳ್ತೀನಿ. ಅಷ್ಟರೊಳಗೆ ಏನಾದ್ರೂ ಮಾಡಿ. ವಿಮಲಾ, ಆ ಮನೆಯವರ ಹತ್ರ ನೀವೇ ಮಾತಾಡ್ಬಿಡಿ. ನಿಮಗೆ ತಾಳ್ಮೆ ಇದೆ."

ಸಂಜೆ ವಿಮಲಾ ಅವರ ಮನೆಗೆ ಹೋದಳು. ಫೋನಿನಲ್ಲಿ ಹೇಳುವ ವಿಷಯವಲ್ಲ ಅನ್ನಿಸಿತ್ತು. ಕೆಂಪಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮೈಮೇಲೆ ಮೊಣಕೈಯಲ್ಲಿ ತೇಪೆ ಹಾಕಿದ ಮರೂನ್ ಬಣ್ಣದ ಸ್ವೆಟರು. ಪಕ್ಕದಲ್ಲಿ ಮೈತ್ರಿ ಬಿಡುವಿಲ್ಲದೆ ಮಾತಾಡುತ್ತಿದ್ದಳು: ಕ್ಲಾಸಿನ ಆಶ್ರಿತ್ ಮಾಸ್ಕ್ ನೆಕ್ಕುತ್ತಾನೆ, ವಿಭಾ ಮಿಸ್ಸಿಗೆ ನಿಜವಾಗಲೂ ಕಾಲಿದೆ, ಫೋನಿನಲ್ಲಿ ಇರಲಿಲ್ಲ. ವಿಮಲಾ ಬಂದ ವಿಷಯ ಹೇಳಿದಳು.

"ಇಷ್ಟು ಮಾತಾಡೋ ಕೂಸಿಗೆ ಮಾತು ಬರಲ್ವಂತಾ ಮೇಡಂ?" ಅಂದಳು ಕೆಂಪಕ್ಕ. "ಯುಕೆಜಿ ಎಲ್ಲಾ ಜೊತೇಲಿ ಕೂತು ನಾನೂ ಮಾಡಿದೀನಿ. ಅವಳನ್ನ ಕೆಳಗಿಳಿಸಿದ್ರೆ ನಾನೂ ಫೇಲಾದಂಗೆ. ಈ ವಯಸ್ಸಲ್ಲಿ ಫೇಲಾಗಕ್ಕೆ ನನ್ನ ಕೈಲಾಗಲ್ಲ."

ಏನೂ ತೋಚದಿದ್ದಾಗ ಬರುವ ಮಾತೇ ವಿಮಲಾಳ ಬಾಯಿಗೆ ಬಂತು: "ಹಲೋ ಮೈತ್ರಿ, ಸ್ಕೂಲಿಂದ ವಿಮಲಾ ಮಾತಾಡ್ತಿರೋದು, ನನ್ನ ಮಾತು ಕೇಳಿಸ್ತಾ ಇದೆಯಾ?"

ಮೈತ್ರಿ ತಟ್ಟನೆ ಬಾಯಿ ಮುಚ್ಚಿದಳು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಎಡಗೈ ಚಾಚಿ ಅಜ್ಜಿಯ ಮೊಣಕೈಯನ್ನು ಬೆರಳಿನಿಂದ ಒತ್ತಿದಳು. ಕೆಂಪಕ್ಕ ಅವರೆಕಾಯಿಯಿಂದ ಕಣ್ಣೆತ್ತದೆ "ಹ್ಞೂಂ" ಅಂದಳು.

"ಕೇಳಿಸ್ತಾ ಇದೆ ಮೇಡಂ" ಅಂದಳು ಮೈತ್ರಿ. ಮೊಣಕೈಯನ್ನು ಇನ್ನೊಂದು ಸಲ ಒತ್ತಿ ಸುಮ್ಮನಾದಳು.

ವಿಮಲಾ ಹೊಸಿಲ ಮೇಲೆ ಕೂತುಬಿಟ್ಟಳು. ತಾನು ರೆಕಾರ್ಡ್ ಮಾಡಿದ್ದು ಇದನ್ನೇ. ಅದನ್ನು ಮತ್ತೆ ರೆಕಾರ್ಡ್ ಮಾಡಿ ವಾಪಸ್ ತೆಗೆದುಕೊಳ್ಳಬಹುದೇ ಎಂದು ಒಂದು ಕ್ಷಣ ಯೋಚಿಸಿದಳು. "ಇನ್ಮೇಲೆ ಹಾಗೆ ಮುಟ್ಟೋದು ಬೇಡ ಪುಟ್ಟಿ, ಹಾಗೇ ಮಾತಾಡಬಹುದು" ಎಂದು ಹೇಳಿಯೂ ನೋಡಿದಳು. ಮೈತ್ರಿ ತಲೆಯಾಡಿಸಿದಳು. ಬಾಯಿ ತೆರೆಯಲಿಲ್ಲ. ಯಾರೂ ಮೈಕ್ ತೆರೆದಿರಲಿಲ್ಲ.

"ನೀವೇ ಹೇಳಿದ್ದಲ್ವಾ ಮೇಡಂ" ಅಂದಳು ಕೆಂಪಕ್ಕ. ಆರೋಪಿಸುವ ದನಿಯಲ್ಲಲ್ಲ, ಮಳೆ ಬಂತು ಅನ್ನುವ ಹಾಗೆ.

ಮಾರನೆಯ ದಿನ ವಿಮಲಾ ಸೋಮನಾಥರ ಮುಂದೆ ಎಲ್ಲವನ್ನೂ ಹೇಳಿ, ಅಜ್ಜಿಯನ್ನು ಸ್ವಲ್ಪ ದಿನ ಕ್ಲಾಸಿನಲ್ಲಿ ಕೂರಿಸಬಹುದೇ ಎಂದು ಕೇಳಿದಳು.

"ಗೇಟಿಂದ ಒಳಗೆ ಪೇರೆಂಟ್ಸ್ ಯಾರೂ ಬರೋ ಹಾಗಿಲ್ಲ. ರೂಲ್ಸು."

"ಒಂದನೇ ಕ್ಲಾಸಿನ ಕಿಟಕಿ ಪಕ್ಕದ ಗಲ್ಲಿಗಿದೆ ಸಾರ್. ಅಲ್ಲಿ ನಿಂತ್ಕೊಂಡ್ರೆ?"

ಸೋಮನಾಥರು ಎದ್ದು ಹೋಗಿ ಆ ಕಿಟಕಿಯನ್ನು ನೋಡಿ ಬಂದರು. "ಗಲ್ಲಿ ನಮ್ದಲ್ಲ. ಅಲ್ಲಿ ನಿಲ್ಲೋರಿಗೆ ಬೇಡ ಅನ್ನಕ್ಕೆ ನಾನ್ಯಾರು?"

ಹಾಗೆ ಮೈತ್ರಿಯ ಜಾಗ ಕಿಟಕಿಯ ಬಲಕ್ಕೆ ಬದಲಾಯಿತು. ಕೆಂಪಕ್ಕ ಗಲ್ಲಿಯಲ್ಲಿ ನಿಂತು ಕಿಟಕಿಯ ಸರಳುಗಳ ನಡುವೆ ಮೊಣಕೈ ಇಟ್ಟಳು. ಶಾಲೆಯೊಳಗೆ ಬರುವುದು ಮೊಣಕೈ ಮಾತ್ರವಾದ್ದರಿಂದ ಕರಿಬಸವಯ್ಯ ಬಂದು ಮೊಣಕೈಗೇ ಗನ್ನು ಹಿಡಿದು, ಸ್ಯಾನಿಟೈಸರ್ ಹಾಕಿ, "ಹ್ಞೂಂ" ಅಂದ. ವಿಭಾ ಮಿಸ್ ಹೆಸರು ಕೂಗಿದಳು. ಬೆರಳು ಒತ್ತಿತು. ಹೊರಗಿನಿಂದ "ಹ್ಞೂಂ" ಬಂತು. "ಪ್ರೆಸೆಂಟ್ ಮಿಸ್" ಅಂದಳು ಮೈತ್ರಿ. ವಿಭಾ ಮಿಸ್ ಮಾಸ್ಕಿನೊಳಗೇ ನಕ್ಕಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಶ್ರಿತ್ ಕೂಡ ಮೊಣಕೈ ಮುಟ್ಟಿಯೇ ಮಗ್ಗಿ ಹೇಳುತ್ತೇನೆ ಎಂದು ಹಟ ಹಿಡಿದ. ಅವನ ಹಿಂದೆ ಇನ್ನು ಕೆಲವರು ಸಾಲು ನಿಂತರು. ಕೆಂಪಕ್ಕ ಯಾರಿಗೂ ಇಲ್ಲ ಅನ್ನಲಿಲ್ಲ. ಗಲ್ಲಿಯಲ್ಲಿ ಸೊಪ್ಪಿನ ಗಾಡಿಯವನು ನಿಲ್ಲಿಸಿ, "ಏನಕ್ಕಾ, ಕೈ ಸಿಕ್ಕಾಕ್ಕೊಂಡಿದ್ಯಾ? ಎಳೀಲಾ?" ಎಂದು ಕೇಳಿದ.

"ಹೋಗಪ್ಪಾ, ಕ್ಲಾಸ್ ನಡೀತಾ ಇದೆ" ಅಂದಳು ಕೆಂಪಕ್ಕ.

ಶುಕ್ರವಾರ ಕೆಂಪಕ್ಕ ಗಲ್ಲಿಯ ಕಡೆಗಿದ್ದ ಆಫೀಸಿನ ಕಿಟಕಿಗೆ ಬಂದು ನಿಂತಳು. ಶನಿವಾರ ಬೆಳಗ್ಗೆಯೇ ಅವಳ ಎರಡನೇ ಲಸಿಕೆ. ಮಗ ಹೇಳಿಸಿಟ್ಟ ಟೈಮು, ತಪ್ಪಿಸುವ ಹಾಗಿಲ್ಲ. ಸೋಮನಾಥರು ಬರುವುದೂ ಆಗಲೇ. ಅವರನ್ನು ಮಧ್ಯಾಹ್ನ ಬನ್ನಿ ಎಂದು ಕೇಳುವ ಧೈರ್ಯ ವಿಮಲಾಗೆ ಆಗಲಿಲ್ಲ. ಕೆಂಪಕ್ಕ ಸ್ವೆಟರು ಬಿಚ್ಚಿ ಕಿಟಕಿಯಲ್ಲಿ ತೂರಿಸಿದಳು.

"ಇದನ್ನ ಹಾಕ್ಕೊಂಡು ನೀವೇ ನಿಂತ್ಕೊಳ್ಳಿ ಮೇಡಂ. ಮೊಖ ತೋರಿಸ್ಬೇಡಿ. ಒತ್ತಿದ ತಕ್ಷಣ 'ಹ್ಞೂಂ' ಅನ್ನಿ, ಜಾಸ್ತಿ ಮಾತಾಡ್ಬೇಡಿ. ನಿಮಗೆ ಜಾಸ್ತಿ ಮಾತಾಡೋ ಚಾಳಿ."

ಮಗುವಿಗೆ ಇದು ಮೋಸವಲ್ಲವೇ ಎಂದು ವಿಮಲಾ ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು. ಮೋಸವೇ ಎಂದು ತೀರ್ಮಾನಿಸಿದಳು. ಆದರೂ ಸ್ವೆಟರು ಅಳತೆಗೆ ಸರಿಯಾಗುತ್ತದೋ ಎಂದು ಹಾಕಿ ನೋಡಿದಳು.

ಶನಿವಾರ ಅವಳು ಕಿಟಕಿಯ ಕೆಳಗೆ ಗೋಡೆಗೊತ್ತಿ ಬಗ್ಗಿ ನಿಂತು, ಮೊಣಕೈ ಮಾತ್ರ ಮೇಲೆತ್ತಿ ಸರಳುಗಳ ನಡುವೆ ಇಟ್ಟಳು. ಒಳಗಿನದು ಏನೂ ಕಾಣುತ್ತಿರಲಿಲ್ಲ. ಸೋಮನಾಥರ ಬೂಟಿನ ಸದ್ದು ಕೇಳಿಸಿತು. ಮಕ್ಕಳು ಎದ್ದು ನಿಂತು "ಗುಡ್ ಮಾರ್ನಿಂಗ್ ಸಾರ್" ಎಂದು ಎಳೆದರು.

"ನಿನ್ನ ಹೆಸರೇನಮ್ಮಾ?"

ಬೆರಳು ಒತ್ತಿತು.

"ಹ್ಞೂಂ" ಅಂದಳು ವಿಮಲಾ, ಆದಷ್ಟೂ ಕೆಂಪಕ್ಕನ ಹಾಗೆ.

ಮಾತು ಬರಲಿಲ್ಲ. ಬೆರಳು ಇನ್ನೊಂದು ಸಲ ಒತ್ತಿತು, ಸ್ವಲ್ಪ ಜೋರಾಗಿ. ಆಮೇಲೆ ತೇಪೆಯ ಮೇಲೆ ಸವರಿತು. ಆಮೇಲೆ ಚಿವುಟಿತು. ವಿಮಲಾಗೆ ಕಣ್ಣಲ್ಲಿ ನೀರು ಬಂತು. ಚಿವುಟಿದ್ದಕ್ಕೋ, ಮಗು ಇನ್ನು ಯುಕೆಜಿಗೇ ಎಂದು ನೆನಪಾಗಿಯೋ, ನೋಡಿಕೊಳ್ಳಲು ಸಮಯವಿರಲಿಲ್ಲ.

"ಮಿಸ್!" ಎಂದು ಮೈತ್ರಿ ಕಿರುಚಿದ್ದು ಕೇಳಿಸಿತು. "ಇದು ನಮ್ಮಜ್ಜಿ ಅಲ್ಲ! ನಮ್ಮಜ್ಜಿ ಮೊಣಕೈ ಗಟ್ಟಿಗಿರುತ್ತೆ, ಇದು ಮೆತ್ತಗಿದೆ! ಯಾರೋ ನಮ್ಮಜ್ಜಿ ಸ್ವೆಟರ್ ಕದ್ಕೊಂಡು ಬಂದಿದಾರೆ! ಕರಿಬಸವಯ್ಯ ಅಂಕಲ್, ಹಿಡ್ಕೊಳಿ! ಆಶ್ರಿತ್, ನೀನೂ ಎಳಿ!"

ಒಳಗಿನಿಂದ ಇಬ್ಬರೂ ಸೇರಿ ಎಳೆದರು. ವಿಮಲಾ ಎದ್ದು ನಿಂತು ಸರಳುಗಳ ನಡುವೆ ಮುಖ ತೋರಿಸಬೇಕಾಯಿತು. ಸೋಮನಾಥರು ಅವಳನ್ನು ನೋಡಿದರು, ಮೈತ್ರಿಯನ್ನು ನೋಡಿದರು.

"ಮಾತು ಬರುತ್ತಲ್ಲ" ಅಂದರು. "ಒಂದನೇ ಕ್ಲಾಸಲ್ಲೇ ಇರ್ಲಿ. ವಿಮಲಾ, ಎಷ್ಟು ಹೊತ್ತು ಹಾಗೆ ನಿಂತಿರ್ತೀರಿ, ಆಫೀಸಲ್ಲಿ ಫೋನ್ ಹೊಡ್ಕೋತಾ ಇದೆ."

ಮೈತ್ರಿ ಅಲ್ಲಿಂದ ಮುಂದೆ ಯಾರ ಅಪ್ಪಣೆಯೂ ಇಲ್ಲದೆ ಮಾತಾಡಿದಳು. ವಾರದೊಳಗೆ ವಿಭಾ ಮಿಸ್, ಇವಳನ್ನು ಸುಮ್ಮನಿರಿಸುವುದು ಹೇಗೆ ಎಂದು ವಿಮಲಾಳನ್ನೇ ಕೇಳಿದಳು. ವಿಮಲಾ ಯಾವ ಸಲಹೆಯನ್ನೂ ಕೊಡಲಿಲ್ಲ. ಲಸಿಕೆಯ ಜ್ವರ ಇಳಿದ ಮೇಲೆ ಕೆಂಪಕ್ಕ ಸೋಮವಾರವೂ ಗಲ್ಲಿಗೆ ಬಂದು ಮೊಣಕೈ ಇಟ್ಟಳು. ಮೈತ್ರಿ ಒಳಗಿನಿಂದ ಕೈ ಬೀಸಿ, "ಅಜ್ಜಿ, ಆಮೇಲೆ ಮಾತಾಡೋಣ, ಕ್ಲಾಸ್ ನಡೀತಾ ಇದೆ" ಅಂದಳು. ಕೆಂಪಕ್ಕ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಸೊಪ್ಪಿನ ಗಾಡಿ ಬಂದಾಗ ಮೊಣಕೈ ತೆಗೆದುಕೊಂಡು ಸಬ್ಬಸಿಗೆ ಕೊಂಡು ಮನೆಗೆ ಹೋದಳು.

ಒಂದು ವಿಷಯ ಉಳಿದಿದೆ. ಶನಿವಾರ ಗಲಾಟೆಯೆಲ್ಲ ಮುಗಿದು ಸೋಮನಾಥರು ಹೊರಟುಹೋದ ಮೇಲೆ, ವಿಮಲಾ ಸರಳುಗಳಿಂದ ಕೈ ಬಿಡಿಸಿಕೊಳ್ಳುತ್ತಿದ್ದಾಗ, ಅದೇ ಸಣ್ಣ ಬೆರಳು ಬಂದು ಅವಳ ಮೊಣಕೈಯನ್ನು ಒಂದೇ ಒಂದು ಸಲ ಮೆಲ್ಲಗೆ ಒತ್ತಿತ್ತು. ಮೈಕ್ ಮುಚ್ಚು ಎಂದೋ, ಚಿವುಟಿದ್ದು ನೋಯಿತೇ ಎಂದೋ, ಅಥವಾ ಈ ಕೈ ಯಾರದೆಂದು ಮೊದಲಿನಿಂದಲೇ ಗೊತ್ತಿತ್ತು ಎಂದೋ, ವಿಮಲಾಗೆ ತಿಳಿಯಲಿಲ್ಲ. ಕೇಳುವುದಕ್ಕೆ ಹೋಗಿ ಮಗು ಮತ್ತೆ ಮಾತು ನಿಲ್ಲಿಸಿದರೆ ಎಂಬ ಭಯಕ್ಕೆ ಅವಳು ಇವತ್ತಿನವರೆಗೂ ಕೇಳಿಲ್ಲ. ಹಾಗಾಗಿ ಅದು ಏನೆಂದು ಇಲ್ಲಿ ಹೇಳಲೂ ಗೊತ್ತಿಲ್ಲ.