ಕದಿರೇಶ್ ಮಾಮನ ಒಂದು ದಿನದ ಪ್ರವಾಸ

ಆ ಭಾನುವಾರ ಮಾಮನ ಗಾಡಿಯಲ್ಲಿ ಎರಡು ಸೀಟು ಖಾಲಿ ಉಳಿದಿವೆ ಎಂದು ಅಮ್ಮ ಹೇಳಿದಳು. ಉಳಿದದ್ದಲ್ಲ, ಉಳಿಸಿದ್ದು ಎಂದು ನನಗೆ ಗೊತ್ತಿತ್ತು. ಹಿಂದಿನ ದಿನ ಅವಳು ಹೂರಣ ರುಬ್ಬುತ್ತಾ ಮುಳಬಾಗಿಲಿನ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿದ್ದು ನನ್ನ ಕಿವಿಗೂ ಬಿದ್ದಿತ್ತು.

"ಇನ್ನೂ ಎಷ್ಟು ದಿನ ಅಂತ ಕಾಯೋದಮ್ಮ? ಡಿಗ್ರಿನೂ ಮುಗೀತು. ನಾಳೆ ಜೊತೇಲಿ ಓಡಾಡ್ಲಿ, ಸಂಜೆ ಅವಳನ್ನ ಕೇಳ್ಬಿಡ್ತೀನಿ. ಆಷಾಢಕ್ಕೆ ಮುಂಚೆ ತಾಳಿ ಬೀಳ್ಲಿ."

ಕದಿರೇಶ್ ಮಾಮ ಅಮ್ಮನ ಒಬ್ಬನೇ ತಮ್ಮ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ತಮ್ಮನದು. ನಾನು ಹುಟ್ಟಿದಾಗ ಅಜ್ಜಿ ತೊಟ್ಟಿಲಿಗೆ ಬಗ್ಗಿ "ನನ್ನ ಸೊಸೆ ಬಂದಳು" ಎಂದಿದ್ದಳಂತೆ. ಬಹಳ ವರ್ಷ ಅದು ಮನೆಯ ತಮಾಷೆಯಾಗಿತ್ತು. ಸುಗಟೂರಿನ ನಮ್ಮ ಮನೆಗೆ ಮಾಮ ಬಂದಾಗಲೆಲ್ಲ ಪಕ್ಕದ ಮನೆಯವರು "ನಿನ್ನ ಗಂಡ ಬಂದ ನೋಡೇ" ಎಂದು ರೇಗಿಸುತ್ತಿದ್ದರು. ನಾನು ರೇಷ್ಮೆ ಹುಳುವಿನ ತಟ್ಟೆಗಳ ಹಿಂದೆ ಹೋಗಿ ಅಡಗುತ್ತಿದ್ದೆ. ಎಲ್ಲರೂ ಅದನ್ನು ನಾಚಿಕೆ ಎಂದುಕೊಂಡರು.

ನಾಚಿಕೆ ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಚಿಲ್ಲರೆ ಕೇಳಲಿಕ್ಕೂ ಅದೇ ನನ್ನನ್ನು ತಡೆಯುತ್ತದೆ. ಆದರೆ ಇದು ಅದಲ್ಲ. ನನಗೆ ಸೀತಾಳೆ ಸಿಡುಬು ಎದ್ದಾಗ ಬೇವಿನ ಸೊಪ್ಪು ಸವರುತ್ತಾ ಪಕ್ಕದಲ್ಲೇ ಕೂತಿದ್ದವನು ಮಾಮ. ಶಾಲೆಯಲ್ಲಿ ವಾಂತಿ ಮಾಡಿಕೊಂಡ ದಿನ ನನ್ನ ಲಂಗ ಒಗೆದು ಹಾಕಿದವನೂ ಅವನೇ. ಆ ಕೈಗಳನ್ನೇ ಇನ್ನೊಂದು ಬಗೆಯಲ್ಲಿ ನೆನೆಸಿಕೊಂಡರೆ ನನಗೆ ಉಸಿರು ಕಟ್ಟುತ್ತದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೆ ಆ ಸಂಜೆಯೊಳಗೇ ಹೇಳಬೇಕಿತ್ತು.

ಮಾಮನ ಕೆಲಸ ಬೆಂಗಳೂರಿನಿಂದ ಬರುವವರಿಗೆ ನಮ್ಮ ಜಿಲ್ಲೆ ತೋರಿಸುವುದು. ಬೆಟ್ಟ, ಗುಹೆ, ನದಿ, ಸಂಜೆಗೆ ಮಾವಿನ ತೋಟ. ಟೆಂಪೋ ಟ್ರಾವೆಲರ್ ಬೇರೆಯವರದು, ಬಾಯಿ ಮಾತ್ರ ಅವನದು. ಕೋಲಾರದ ಬಸ್ ಸ್ಟ್ಯಾಂಡಿನ ಮುಂದೆ ನಾವು ಹತ್ತಿದಾಗ ಆಗಲೇ ಮೈಕ್ ಹಿಡಿದು ನಿಂತಿದ್ದ.

"ಬಾರಕ್ಕ. ಏನೇ ವಾಣಿ, ತಿಂಡಿ ತಿಂದ್ಯಾ? ನೋಡಿ ಸಾರ್, ಇವ್ಳು ನಮ್ಮ ಅಕ್ಕನ ಮಗಳು ವಾಣಿಶ್ರೀ. ಬಾಯೇ ಬಿಡಲ್ಲ, ಹೆಸರಿಟ್ಟೋರು ಸ್ವಲ್ಪ ದುಡುಕಿದ್ರು."

ಗಾಡಿಯೆಲ್ಲ ನಕ್ಕಿತು. ಕೆಂಪು ಟೋಪಿ ಹಾಕಿದ್ದ ಒಬ್ಬ ಹಿರಿಯರು ನನಗಾಗಿ ಸರಿದು ಕೂತರು. ಅಮ್ಮ ತಮ್ಮನನ್ನೂ ನನ್ನನ್ನೂ ಒಟ್ಟಿಗೆ ನೋಡಿ ಸೆರಗು ಸರಿಪಡಿಸಿಕೊಂಡಳು.

ಅಂತರಗಂಗೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅಮ್ಮನ ಮಂಡಿ ಸೋತಿತು. ಬಸವನ ಬಾಯಿಂದ ಬೀಳುವ ನೀರನ್ನು ಕುಡಿದು, ಕಣ್ಣಿಗೊತ್ತಿಕೊಂಡು, ಕೋತಿಗಳಿಗೆ ಕಾಣದಂತೆ ಬುತ್ತಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ನೀನ್ ಹೋಗೇ, ಮಾಮನ ಜೊತೇಲೇ ಇರು" ಎಂದಳು.

ದೇವಸ್ಥಾನದ ಮೇಲೆ, ಬೆಟ್ಟದ ಬಂಡೆಗಳು ಒಂದರ ಮೇಲೊಂದು ಉರುಳಿ ನಿಂತ ಕಡೆ ಗುಹೆಗಳಿವೆ. ಕೆಲವು ಕಡೆ ಕೂತು ಜಾರಬೇಕು, ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಬೇಕು. ಮಾಮ ಒಂದು ಟಾರ್ಚ್ ಹಿಡಿದು ಮುಂದೆ ಹೋಗುವುದು, ಗೊತ್ತಿರುವವರು ಇನ್ನೊಂದನ್ನು ಹಿಡಿದು ಎಲ್ಲರಿಗಿಂತ ಹಿಂದೆ ಬರುವುದು ಅವನ ಪದ್ಧತಿ. ಆ ದಿನ ಹಿಂದಿನ ಟಾರ್ಚ್ ನನ್ನ ಕೈಗೆ ಬಂತು.

"ಯಾರನ್ನೂ ಹಿಂದೆ ಬಿಡ್ಬೇಡ" ಎಂದ. ಅಷ್ಟು ಕೆಲಸ ನಾನು ಮಾಡಬಲ್ಲೆ.

ಒಬ್ಬೊಬ್ಬರೇ ಕಿರುಚುತ್ತಾ, ನಗುತ್ತಾ ಆಚೆಯ ಬೆಳಕಿಗೆ ಹೋದರು. ಎಲ್ಲರೂ ಹೊರಬಿದ್ದ ಮೇಲೂ ನಾನು ಒಳಗೇ ಕೂತೆ. ಬಾವಲಿಯ ವಾಸನೆ. ಟಾರ್ಚ್ ಆರಿಸಿದೆ. ಕತ್ತಲಲ್ಲಿ ಮುಖ ಕಾಣುವುದಿಲ್ಲ ಎನ್ನುವುದು ಬಿಟ್ಟರೆ ನನಗೆ ಬೇರೆ ಧೈರ್ಯ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಾಮ ತೆವಳಿಕೊಂಡು ವಾಪಸು ಬಂದ.

"ಏನಾಯ್ತೇ? ಕಾಲು ಸಿಕ್ಕಾಕ್ಕೊಂತಾ?"

"ಮಾಮ, ನಂಗೆ ಬ್ಯಾಡ."

"ಏನ್ ಬ್ಯಾಡ? ಬೆಟ್ಟನಾ? ಮುಗೀತಲ್ಲ, ಬಾ."

"ಮದುವೆ."

ಅವನ ಟಾರ್ಚಿನ ಬೆಳಕು ನನ್ನ ಮೊಣಕಾಲಿನ ಮೇಲಿಂದ ಇಳಿದು ಮಣ್ಣಿನ ಮೇಲೆ ನಿಂತಿತು. ಮೇಲೆಲ್ಲೋ ಕಲ್ಲಿನ ಸಂದಿನಲ್ಲಿ ಏನೋ ಪಟಪಟ ಬಡಿಯಿತು. ಹೊರಗಿನಿಂದ ಟೋಪಿಯವರು ಕೂಗಿದರು. "ಗೈಡ್! ಎಲ್ರೀ ಹೋದ್ರಿ?"

"ಬಂದೆ ಸಾರ್! ಒಂದ್ ನಿಮಿಷ!" ಎಂದ ಮಾಮ, ಮೈಕಿನಲ್ಲಿ ಮಾತಾಡುವ ಅದೇ ಗಂಟಲಲ್ಲಿ. ಆಮೇಲೆ ಮೆಲ್ಲಗೆ ಕೇಳಿದ. "ಬೇರೆ ಯಾರಾದ್ರೂ ಇದಾರಾ?"

"ಇಲ್ಲ."

"ಇದ್ದಿದ್ರೆ ಚೆನ್ನಾಗಿತ್ತು."

ಅವನು ಹಾಗೆಂದದ್ದು ಯಾಕೆಂದು ನನಗೆ ತಕ್ಷಣ ಅರ್ಥವಾಯಿತು. ಬೇರೆ ಯಾರೂ ಇಲ್ಲ ಎಂದರೆ ಬೇಡವಾದವನು ಅವನೇ ಎಂದಾಯಿತಲ್ಲ. ಏನಾದರೂ ಹೇಳಬೇಕೆನಿಸಿತು. ನೀನು ಒಳ್ಳೆಯವನು ಮಾಮ, ಅದಕ್ಕೇ ಆಗುವುದಿಲ್ಲ. ಹೇಳಲಿಲ್ಲ.

"ತಲೆ ಬಗ್ಸು. ಬಲಗಡೆ ಕಲ್ಲು ಚೂಪಾಗಿದೆ" ಎಂದ. ನನ್ನ ತಲೆಗೂ ಬಂಡೆಗೂ ನಡುವೆ ತನ್ನ ಅಂಗೈ ಇಟ್ಟು, ನಾನು ದಾಟುವ ತನಕ ತೆಗೆಯಲಿಲ್ಲ.

ಇಳಿಯುವಾಗ ಉಳಿದವರನ್ನು ಮುಂದೆ ಬಿಟ್ಟು ಪಕ್ಕಕ್ಕೆ ಬಂದ. "ಸಂಜೆ ಅಕ್ಕನ್ ಹತ್ರ ನೀನೇ ಹೇಳ್ಬೇಕು ಕಣೇ. ನಾನ್ ಪಕ್ಕದಲ್ಲಿರ್ತೀನಿ. ನಾನ್ ಹೇಳಿದ್ರೆ ನಾನೇ ನಿನ್ನ ಬಿಟ್ಟಂಗಾಗುತ್ತೆ. ಅಕ್ಕ ತಡಕೊಳಲ್ಲ." ಸ್ವಲ್ಪ ದೂರ ನಡೆದು, "ಬಂದ ಸಂಬಂಧನೆಲ್ಲಾ ಅಮ್ಮ ವಾಪಸ್ ಕಳಿಸ್ತಿದ್ಲು, ಮೊಮ್ಮಗಳಿದಾಳೆ ಅಂತ. ನಾನೂ ಸುಮ್ನಿದ್ದೆ" ಎಂದ.

ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಮಧ್ಯಾಹ್ನಕ್ಕೆ ಬೇತಮಂಗಲದ ಕಡೆ, ಪಾಲಾರ್ ನದಿ. ಗಾಡಿ ಇಳಿದವರು ಜಾಲಿ ಪೊದೆಗಳ ನಡುವೆ ನಿಂತು ಅತ್ತ ಇತ್ತ ನೋಡಿದರು.

"ನದಿ ಎಲ್ರೀ ಗೈಡ್?"

"ಅದರ ಮೇಲೇ ನಿಂತಿದೀರಲ್ಲ ಸಾರ್. ಚಪ್ಪಲಿ ಒದ್ದೆಯಾಗ್ಲಿಲ್ಲ ಅಂತ ಖುಷಿಪಡಿ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮರಳು ತೋಡಿದ ಗುಂಡಿಯೊಂದರ ತಳದಲ್ಲಿ ಮಾತ್ರ ಹಸಿರು ಬಣ್ಣದ ನೀರಿತ್ತು. ಹಾಲಿನಂಥ ನದಿ ಎನ್ನುವ ಹೆಸರು ಹೇಗೆ ಬಂತು, ಇಲ್ಲಿಂದ ತಮಿಳುನಾಡಿಗೆ ಹೇಗೆ ಹೋಗುತ್ತದೆ, ಮಾಮ ಎಲ್ಲ ಹೇಳಿದ. ಒಂದು ಮಾತೂ ತಡವರಿಸಲಿಲ್ಲ. ಅವನ ಅಂಗೈಯಲ್ಲಿ ಬಂಡೆ ತರಚಿದ ಗಾಯ ಇತ್ತು. ಮೈಕ್ ಹಿಡಿದಾಗ ಕಾಣುತ್ತಿತ್ತು.

ಅಮ್ಮ ನೆರಳಿನಲ್ಲಿ ಬುತ್ತಿ ಬಿಚ್ಚಿ ಎಲ್ಲರಿಗಿಂತ ಮೊದಲು ತಮ್ಮನ ಎಲೆಗೆ ಒಬ್ಬಟ್ಟು ಹಾಕಿದಳು. "ತಿನ್ನೋ. ವಾಣಿನೇ ತಟ್ಟಿದ್ದು." ಸುಳ್ಳು. ನಾನು ಒಲೆಯ ಹತ್ತಿರವೂ ಹೋಗಿರಲಿಲ್ಲ.

"ಚೆನ್ನಾಗಿದೆ" ಎಂದ ಮಾಮ, ನನ್ನ ಕಡೆ ನೋಡದೆ.

"ಯಾಕೋ ಸಪ್ಪಗಿದೀಯ?"

"ಬಿಸಿಲು ಕಣಕ್ಕ."

ಆವಣಿಗೆ ಬಂದಾಗ ಅಜ್ಜಿ ದೇವಸ್ಥಾನದ ಬಾಗಿಲಲ್ಲೇ ಕೂತಿದ್ದಳು. ಮುಳಬಾಗಿಲಿನಿಂದ ಬಸ್ಸು ಹಿಡಿದು ಬಂದಿದ್ದಳು. ಹೊಸ ಸೀರೆ, ಮಡಿಲಲ್ಲಿ ಬಾಳೆ ಎಲೆಯ ಪೊಟ್ಟಣ. ಅವಳು ಬರುವುದು ನನಗೂ ಗೊತ್ತಿರಲಿಲ್ಲ, ಮಾಮನಿಗೂ ಗೊತ್ತಿರಲಿಲ್ಲ. ಅಮ್ಮ ಮಾತ್ರ ಮಂಡಿನೋವು ಮರೆತು ಬೇಗ ಬೇಗ ನಡೆದಳು.

ಪ್ರವಾಸಿಗರು ಕಂಬಗಳ ಫೋಟೋ ತೆಗೆಯುತ್ತಿದ್ದರು. ಅಜ್ಜಿ ನನ್ನನ್ನು ಗರ್ಭಗುಡಿಯ ಎದುರಿಗೆ ಎಳೆದು ನಿಲ್ಲಿಸಿದಳು. ಅವಳ ಮಾತಿನಲ್ಲಿ ಅರ್ಧ ತೆಲುಗು. "ರಾವೇ ತಲ್ಲಿ, ಬಾ, ಇಲ್ಲಿ ನಿಂತ್ಕೋ. ದೇವರ ಮುಂದೆ ಒಂದ್ ಹೂ ಮುಡಿಸ್ತೀನಿ." ಪೊಟ್ಟಣ ಬಿಚ್ಚಿದಳು. ಕನಕಾಂಬರ, ಮಲ್ಲಿಗೆ, ನೀರು ಚಿಮುಕಿಸಿ ಒತ್ತಾಗಿ ಕಟ್ಟಿದ ಮಾರುದ್ದದ ದಂಡೆ.

ಗಂಡಿನ ತಾಯಿ ದೇವರೆದುರು ಹೂ ಮುಡಿಸಿದರೆ ನಮ್ಮವರಲ್ಲಿ ಮಾತು ಮುಗಿದಂತೆ. ಆಮೇಲೆ ಲಗ್ನಪತ್ರಿಕೆ ಬರೀ ಲೆಕ್ಕಕ್ಕೆ. ಹೂ ಮುಡಿದ ಹುಡುಗಿ ಬೇಡ ಎಂದರೆ ಮನೆಯ ಮೇಲೆ ಮಣ್ಣು ಎರಚಿದಂತೆ. ಸಂಜೆ ಕೇಳುತ್ತೇನೆ ಎಂದಿದ್ದಳು ಅಮ್ಮ. ಕೇಳಿದರೆ ನಾನು ಬಾಯಿ ಬಿಡುವವಳಲ್ಲ ಎಂದು ಅವಳೂ ಅಜ್ಜಿಯೂ ಸೇರಿ ಈ ದಾರಿ ಹಿಡಿದಿದ್ದರು. ಅವರ ಲೆಕ್ಕದಲ್ಲಿ ಅದು ನನ್ನ ಮೇಲಿನ ಕರುಣೆ.

"ಏನ್ರೀ ಗೈಡ್, ಎಂಗೇಜ್‌ಮೆಂಟಾ? ಹೇಳ್ಲೇ ಇಲ್ವಲ್ರೀ!" ಟೋಪಿಯವರು ಕೂಗಿದರು. ಫೋನುಗಳೆಲ್ಲ ಕಂಬ ಬಿಟ್ಟು ನನ್ನ ಕಡೆ ತಿರುಗಿದವು. ಯಾರೋ ಚಪ್ಪಾಳೆ ತಟ್ಟಿದರು.

ಮಾಮ ನನ್ನನ್ನು ನೋಡಿದ. ಹೇಳು ಎಂದು ಗದ್ದ ಎತ್ತಿದ. ನನಗೆ ಅದು ಸ್ಪಷ್ಟವಾಗಿ ಕಂಡಿತು. ಬಾಯಿ ತೆರೆದರೆ ಸಾಕಿತ್ತು. ಗುಹೆಯಲ್ಲಿ ಆಡಿದ ಎರಡು ಮಾತು ಇಲ್ಲಿಯೂ ಸಾಲುತ್ತಿತ್ತು. ಆದರೆ ಅಷ್ಟು ಬೆಳಕು, ಅಷ್ಟು ಮುಖ. ನನ್ನ ಕುತ್ತಿಗೆ ತಾನಾಗಿಯೇ ಬಗ್ಗಿತು. ಅಜ್ಜಿಯ ಬೆರಳುಗಳು ಜಡೆಯ ಬುಡ ಹುಡುಕಿದವು. ಮಲ್ಲಿಗೆಯ ನೀರು ಕತ್ತಿನ ಮೇಲೆ ಇಳಿಯಿತು.

"ಅಮ್ಮ, ಬ್ಯಾಡ" ಎಂದ ಮಾಮ.

"ಏಂಟ್ರಾ?" ಎಂದಳು ಅಜ್ಜಿ.

"ಹೂ ತೆಗಿ. ನಂಗಿಷ್ಟ ಇಲ್ಲ."

ಅಜ್ಜಿಯ ಕೈ ನನ್ನ ತಲೆಯ ಮೇಲೇ ನಿಂತಿತು. ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಏನ್ಲಾ ಅಂದೆ?"

"ನಂಗೆ ವಾಣಿ ಬ್ಯಾಡ ಅಕ್ಕ."

"ಏನಾಗಿದೆಯೋ ನನ್ ಮಗಳಿಗೆ? ಬಣ್ಣ ಕಮ್ಮಿನಾ? ಓದು ಕಮ್ಮಿನಾ? ಇಷ್ಟು ಜನರ ಮುಂದೆ ತಲೆ ಬಗ್ಸಿ ನಿಂತಿದಾಳಲ್ಲೋ! ಯಾವಳನ್ನಾದ್ರೂ ನೋಡ್ಕೊಂಡಿದೀಯಾ?"

ಮಾಮ ಮತ್ತೊಮ್ಮೆ ನನ್ನ ಕಡೆ ನೋಡಿದ. ನಾನು ನೆಲದ ಕಲ್ಲು ನೋಡುತ್ತಿದ್ದೆ. ಅವನು ಕಾಯುತ್ತಿದ್ದಾನೆ ಎಂದು ನೋಡದೆಯೂ ಗೊತ್ತಾಗುತ್ತಿತ್ತು.

"ಹಂಗೇ ಅನ್ಕೋ" ಎಂದ.

ಅಮ್ಮ ಅವನ ಕೆನ್ನೆಗೆ ಹೊಡೆದಳು. ಅಜ್ಜಿ ದಂಡೆಯನ್ನು ನನ್ನ ಜಡೆಯಿಂದ ಬಿಡಿಸಿದಳು. ಕೂದಲು ಸಿಕ್ಕಿಕೊಂಡು ನೋವಾಯಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ಕಂಬಕ್ಕೆ ಒರಗಿ ಕೂತುಬಿಟ್ಟಳು. ಪ್ರವಾಸಿಗರು ಫೋನು ಇಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬನ್ನಿ ಸಾರ್, ಬೆಟ್ಟ ಹತ್ತೋಣ" ಎಂದ ಮಾಮ. ಅವರು ಅದಕ್ಕೆಂದೇ ಬಂದಿದ್ದರು, ತೋರಿಸಲೇಬೇಕಿತ್ತು. ನಾವು ಮೂವರು ಹೆಂಗಸರು ಕೆಳಗೇ ಉಳಿದೆವು. ಬಂಡೆಯ ಮೇಲಿಂದ ಅವನ ದನಿ ಕೇಳುತ್ತಿತ್ತು. ಸೀತಮ್ಮ ಬಂದು ಉಳಿದ ಜಾಗ ಇದು, ಲವಕುಶರು ಹುಟ್ಟಿದ್ದು ಇಲ್ಲೇ ಅಂತಾರೆ, ಕಾಲಿಡುವಾಗ ಹುಷಾರು.

ಅಜ್ಜಿಯನ್ನು ಮುಳಬಾಗಿಲಲ್ಲಿ ಇಳಿಸಿದೆವು. ಅವಳು ಯಾರಿಗೂ ಬರ್ತೀನಿ ಎನ್ನಲಿಲ್ಲ. ಗಾಡಿ ಶ್ರೀನಿವಾಸಪುರಕ್ಕೆ ಬಂತು. ತೋಟಕ್ಕೆ ತಿರುಗುವ ಮೊದಲೇ ಅಮ್ಮ ಡ್ರೈವರನ ಸೀಟು ತಟ್ಟಿ, "ಇಲ್ಲೇ ನಿಲ್ಸಪ್ಪ, ನಾವು ಬಸ್ಸಲ್ಲಿ ಹೋಗ್ತೀವಿ" ಎಂದಳು.

ಕೋಲಾರದ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಿಟಕಿಯ ಪಕ್ಕ ಕೂತಿದ್ದೆ. ಮಾಮ ಓಡಿ ಬಂದ. ಕೈಯಲ್ಲಿ ಬಾದಾಮಿ ಮಾವಿನ ಚೀಲ. ಪ್ರವಾಸಕ್ಕೆ ಬಂದವರಿಗೆಲ್ಲ ಕೊನೆಗೆ ಕೊಡುವುದು ಅದು.

"ಅಕ್ಕ, ಇದನ್ನಾದ್ರೂ ಇಟ್ಕೋ."

ಅಮ್ಮ ಎದುರಿನ ಸೀಟಿನ ಬೆನ್ನು ನೋಡುತ್ತಾ ಕೂತಳು. ಅವನು ಚೀಲವನ್ನು ನನ್ನ ಕಡೆ ಎತ್ತಿದ.

"ಮುಟ್ಬೇಡ" ಎಂದಳು ಅಮ್ಮ. "ಇವತ್ತಿಗೆ ಮುಗೀತು. ನಂಗೆ ತವರಿಲ್ಲ, ತಮ್ಮನೂ ಇಲ್ಲ."

ಮುಂದೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ. ಅವನೊಂದು ಮಾತು ಆಡಿದ್ದರೆ, ಇವಳೇ ಬೇಡ ಎಂದದ್ದು ಎಂದಿದ್ದರೆ, ಅಮ್ಮ ಅಲ್ಲಿಯೇ ಇಳಿದು ಅವನನ್ನು ತಬ್ಬಿಕೊಳ್ಳುತ್ತಿದ್ದಳು. ಅವನು ಆಡಲಿಲ್ಲ. ಬಸ್ಸು ಹೊರಟಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮ ಸೀರೆ ಕೂಡ ಬದಲಾಯಿಸದೆ ಒಲೆ ಹಚ್ಚಿ, ಬಿಸಿ ಮುದ್ದೆ ಕಟ್ಟಿ ನನ್ನ ಮುಂದಿಟ್ಟಳು. ನಾನು ಚಿಕ್ಕವಳಾಗಿದ್ದಾಗ ಮಾಡುತ್ತಿದ್ದಂತೆ ಪಕ್ಕದಲ್ಲೇ ಕೂತು ಬೆನ್ನು ಸವರಿದಳು. "ಮನಸಿಗೆ ಹಚ್ಕೋಬೇಡ ಕಂದ. ಅವನಿಗಿಂತ ಚೆನ್ನಾಗಿರೋನ್ನ ತರ್ತೀನಿ. ನಿನ್ನ ಹೊಟ್ಟೆ ಉರಿಸಿದೋನು ಚೆನ್ನಾಗಿರ್ತಾನಾ?" ಹಾಗೆ ಹೇಳುತ್ತಾ ಅವಳೇ ಅಳುತ್ತಿದ್ದಳು.

ಪಕ್ಕದ ಮನೆಯ ಚಿಕ್ಕಗಂಗಮ್ಮ ಬಾಗಿಲಲ್ಲಿ ನಿಂತು, "ಏನ್ ಆಂಜಿನಮ್ಮ, ಇಷ್ಟ್ ಬೇಗ ಬಂದ್ಬಿಟ್ರಿ?" ಎಂದಳು.

ಅಮ್ಮ ಮೂಗು ಒರೆಸಿಕೊಂಡು ಎಲ್ಲವನ್ನೂ ಹೇಳಿದಳು. ಒಬ್ಬಟ್ಟಿನಿಂದ ಹಿಡಿದು ಕೆನ್ನೆಗೆ ಹೊಡೆದ ತನಕ. "ನಮ್ ಹುಡುಗಿ ಮನಸಲ್ಲಿ ಅವನ್ನೇ ಇಟ್ಕೊಂಡಿದ್ಲು ಕಣಮ್ಮ, ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ. ಹೂ ಮುಡಿಸ್ಕೊಳ್ಳಕ್ಕೆ ತಲೆ ಬಗ್ಸಿ ನಿಂತಿದ್ಲು. ಅಲ್ವೇನೇ?"

ಇಬ್ಬರೂ ನನ್ನನ್ನು ನೋಡಿದರು. ತುತ್ತು ನುಂಗಿದೆ.

"ಹೂಂ" ಎಂದೆ.